ಮೂರು ಸಲ ಕೂಗಿದ ಹೆಸರು

ಗಿಡಿಯನ್ ಮಲಸಮುದ್ರ ತೀರಿಕೊಂಡದ್ದು ೨೦೨೪ರ ಮಾರ್ಚಿನಲ್ಲಿ. ನಲವತ್ತೊಂದು ತುಂಬಲು ಇನ್ನೂ ಒಂದು ತಿಂಗಳಿತ್ತು. ಬೆಳಗಿನ ಪಾಳಿಗೆ ಹೊರಡಲೆಂದು ದಾಡಿ ಮಾಡಿಕೊಳ್ಳುತ್ತಿದ್ದವನು ಕನ್ನಡಿಯ ಮುಂದೆಯೇ ಕುಸಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಹೃದಯ ಎಂದರು ಡಾಕ್ಟರು.

ಅವರ ಚರ್ಚಿನ ಸಭೆಯಲ್ಲಿ ಒಂದು ಪದ್ಧತಿಯಿದೆ. ಮಣ್ಣು ಮಾಡುವ ಮುಂಚೆ, ತೀರಿಹೋದವರ ಬದುಕನ್ನು ಒಂದು ಪುಟದಲ್ಲಿ ಬರೆದು ಎಲ್ಲರೆದುರು ಓದುತ್ತಾರೆ. ಹುಟ್ಟಿದ್ದು, ದೀಕ್ಷಾಸ್ನಾನ, ವಿದ್ಯೆ, ಮದುವೆ, ನೌಕರಿ, ಮಕ್ಕಳು. ನಾನು ಹಿಂದಿನ ಸಾಲಿನಲ್ಲಿ, ಕಾರ್ಖಾನೆಯವರ ನಡುವೆ ನಿಂತಿದ್ದೆ. ಓದುತ್ತಿದ್ದವರು ನೌಕರಿಯ ಸಾಲಿಗೆ ಬಂದರು: "೨೦೧೪ರಲ್ಲಿ ದೇವರ ಕೃಪೆಯಿಂದ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಅವರಿಗೆ ಕಾಯಂ ನೌಕರಿ ದೊರೆಯಿತು."

ಎರಡು ವರ್ಷ ಮೊದಲೇ ದೊರೆಯಬೇಕಿತ್ತು. ಕೃಪೆ ತಡವಾದದ್ದಕ್ಕೆ ಕಾರಣ ದೇವರಲ್ಲ, ನಾನು. ಆ ಗುಂಪಿನಲ್ಲಿ ಇದನ್ನು ಪೂರ್ತಿಯಾಗಿ ಬಲ್ಲವರು ಇಬ್ಬರೇ ಇದ್ದೆವು, ನಾನು ಮತ್ತು ಅವನ ಹೆಂಡತಿ ಏಂಜೆಲಿನಾ.

ವಾರದ ನಂತರ ಹುಬ್ಬಳ್ಳಿಯ ಕಮರಿಪೇಟೆಯ ಅವರ ಮನೆಗೆ ಹೋದೆ. ಏಂಜೆಲಿನಾಗೆ ಕಿವಿ ಕೇಳಿಸುತ್ತದೆ, ಮಾತು ಬರುತ್ತದೆ. ಆದರೂ ಆಕೆ ನನ್ನೊಡನೆ ಮಾತಾಡುವಾಗ ಎರಡೂ ಕೈ ತಾವಾಗಿ ಆಡುತ್ತಿದ್ದವು. ಹನ್ನೊಂದು ವರ್ಷದ ರೂಢಿ. ಈಗ ಆ ಕೈಗಳನ್ನು ನೋಡುವವರು ಮನೆಯಲ್ಲಿ ಇರಲಿಲ್ಲ.

"ಅಣ್ಣಾ, ಅವತ್ತ ಓದಿದ ಕಾಗದದಾಗ ಅವ್ರು ಇಲ್ಲೇ ಇಲ್ರಿ. ಹೆಸರೊಂದ ಐತಿ. ನೀವು ಬರೀರಿ" ಎಂದಳು.

"ನಾ ಬರದ್ರ ನನ್ನ ತಪ್ಪೂ ಬರೀಬೇಕಾಗತೈತಿ, ತಂಗಿ."

"ಅದನ್ನ ಮೊದಲ ಬರೀರಿ. ಅವ್ರಿಗೆ ಆ ಕಥಿ ಭಾಳ ಸೇರತಿತ್ತು. ಮನಿಗೆ ಯಾರ ಬಂದ್ರೂ ಅದನ್ನ ಮಾಡಿ ತೋರಸತಿದ್ರು. ನಿಮ್ಮ ಮಾರಿ ಹೆಂಗ ಆಗಿತ್ತಂತ."

ಹೇಗಾಗಿತ್ತೆಂದು ಆಕೆ ತೋರಿಸಿದಳು. ಇಬ್ಬರೂ ನಕ್ಕೆವು. ಆಮೇಲೆ ಆಕೆ ಎದ್ದು ಒಳಗೆ ಹೋದಳು, ಬಹಳ ಹೊತ್ತು ಹೊರಗೆ ಬರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನನ್ನ ಹೆಸರು ಅಂಬರೀಷ. ಟ್ರ್ಯಾಕ್ಟರಿನ ಬಿಡಿಭಾಗ ಮಾಡುವ ಆ ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಗುಮಾಸ್ತನಾಗಿದ್ದೆ. ೨೦೧೧ರ ಜೂನ್ ತಿಂಗಳು. ಆರು ತರಬೇತಿ ಹುದ್ದೆಗಳಿಗೆ ಸಂದರ್ಶನ ನಡೆದಿತ್ತು. ತರಬೇತಿ ಮುಗಿಸಿದವರನ್ನು ಕಾಯಂ ಮಾಡುವುದು ನಮ್ಮ ಕ್ರಮ. ಆರರಲ್ಲಿ ಒಂದು ಹುದ್ದೆ ಅಂಗವಿಕಲರಿಗೆ. ಅದಕ್ಕೆ ಹನ್ನೊಂದು ಜನ ಬಂದಿದ್ದರು. ಒಳಗೆ ಸಾಹೇಬರು ಕೂತಿದ್ದರು. ಹೊರಗೆ ಬಾಗಿಲಲ್ಲಿ ನಿಂತು ಹೆಸರು ಕೂಗುವ ಕೆಲಸ ನನ್ನದು.

ಕೂಗುವುದಕ್ಕೂ ಒಂದು ನಿಯಮವಿತ್ತು. ಕೋರ್ಟಿನಲ್ಲಿ ಕೂಗುವಂತೆ ಮೂರು ಸಲ. ಮೂರಕ್ಕೂ ಎದ್ದು ಬರದಿದ್ದರೆ ಹೆಸರಿನ ಮೇಲೆ ಕೆಂಪು ಗೆರೆ, ಪಕ್ಕದಲ್ಲಿ 'ಗೈರು'. ಅವತ್ತು ನಾನು ಕನ್ನಡಕ ಮನೆಯಲ್ಲಿ ಮರೆತಿದ್ದೆ. ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದು ಓದುತ್ತಿದ್ದೆ. "ಗಿಡಿಯನ್ ಮಲಸಮುದ್ರ!" ಎಂದು ಕೂಗಿದೆ. ಯಾರೂ ಏಳಲಿಲ್ಲ. ಎರಡನೇ ಸಲ ಇನ್ನೂ ಜೋರಾಗಿ ಕೂಗಿದೆ. ಮೂರನೇ ಸಲಕ್ಕೆ ಗೇಟಿನ ಕಾವಲುಗಾರ ಕೂಡ ತಿರುಗಿ ನೋಡಿದ. ಗೆರೆ ಎಳೆದೆ. ಮುಂದಿನ ಹೆಸರಿಗೆ ಹೋದೆ.

ಬೆಂಚಿನ ತುದಿಯಲ್ಲಿ, ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಇಸ್ತ್ರಿ ಮಾಡಿದ ನೀಲಿ ಅಂಗಿಯ ಒಬ್ಬ ತರುಣ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ. ಬೆಳಿಗ್ಗೆಯಿಂದ ಅವನ ಕಣ್ಣು ನನ್ನ ಮುಖ ಬಿಟ್ಟು ಕದಲಿರಲಿಲ್ಲ. ತುಟಿ ನೋಡಿ ಹೆಸರು ಹಿಡಿಯಲು ಅವನು ಕಾದಿದ್ದ. ತುಟಿಯ ಮುಂದೆ ಪಟ್ಟಿ ಹಿಡಿದುಕೊಂಡಿದ್ದವನು ನಾನು. ಆ ಪಟ್ಟಿಯಲ್ಲಿ, ಅವನ ಹೆಸರಿನ ಮುಂದೆ, 'ಕಿವುಡು, ನೂರಕ್ಕೆ ನೂರು' ಎಂದು ನಾನೇ ನನ್ನ ಕೈಯಾರೆ ಬರೆದಿದ್ದೆ.

ಎರಡೂವರೆಗೆ ಸಾಹೇಬರು ಊಟಕ್ಕೆ ಎದ್ದರು. ಬೆಂಚು ಖಾಲಿಯಾಗಿತ್ತು, ಅವನೊಬ್ಬನೇ ಉಳಿದಿದ್ದ. ಎದ್ದು ಬಂದು ಕರೆಪತ್ರ ತೋರಿಸಿದ. ಹೆಸರು ನೋಡಿದೆ. ಪಟ್ಟಿ ತೆರೆದು ಕೆಂಪು ಗೆರೆ ನೋಡಿದೆ, ಅವನೂ ಬಗ್ಗಿ ನೋಡಿದ. ಅವನು ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಬರೆದ:

"ತಾವು ನನ್ನ ಹೆಸರನ್ನು ಕರೆದಿರಾ?"

ಹೌದೆಂದು ತಲೆಯಾಡಿಸಿದೆ.

"ಎಷ್ಟು ಬಾರಿ?"

ಮೂರು ಬೆರಳು ತೋರಿಸಿದೆ. ಅವನು ನನ್ನನ್ನೇ ನೋಡಿದ. ಮತ್ತೆ ಬರೆದ:

"ಜೋರಾಗಿ ಕರೆದಿರಾ?"

ಹೌದೆಂದು ತಲೆಯಾಡಿಸಹೋಗಿ ಅರ್ಧಕ್ಕೇ ತಡೆದೆ. ಅವನ ಮುಖದಲ್ಲಿ ಮೊದಲು ಸಣ್ಣ ನಗೆ, ಆಮೇಲೆ ದೊಡ್ಡ ನಗೆ. ಹನ್ನೊಂದು ವರ್ಷ ಏಂಜೆಲಿನಾಗೆ ಅವನು ಮಾಡಿ ತೋರಿಸಿದ್ದು ನನ್ನ ಆ ಹೊತ್ತಿನ ಮುಖವನ್ನೇ.

ಇಲ್ಲಿಯವರೆಗಿನದು ತಪ್ಪು. ಆಮೇಲೆ ಮಾಡಿದ್ದು ಅದಕ್ಕಿಂತ ಕೆಟ್ಟದ್ದು. ನಮ್ಮ ಮ್ಯಾನೇಜರು ಯಜ್ಞೇಶ್ವರ ಸಾಹೇಬರು ಊಟ ಮುಗಿಸಿ ಬಂದಾಗ, "ಇವನೊಬ್ಬ ಉಳಿದಾನ್ರಿ ಸರ್" ಎಂದೆ. "ಯಾಕ? ಕರದಾಗ ಎಲ್ಲಿದ್ದ?" ಎಂದು ಕೇಳಿದರು. ನಿಜ ಹೇಳಿದ್ದರೆ ಹತ್ತು ನಿಮಿಷದಲ್ಲಿ ಒಳಗೆ ಕರೆಯುತ್ತಿದ್ದರು. ಬೈಗುಳ ತಿನ್ನುತ್ತಿದ್ದವನು ನಾನು, ಅಷ್ಟೇ. ಆ ಬೈಗುಳಕ್ಕೆ ಹೆದರಿ, "ತಡಾ ಮಾಡಿ ಬಂದಾನ್ರಿ" ಎಂದೆ. ಗಿಡಿಯನ್ ಪಕ್ಕದಲ್ಲೇ ನಿಂತಿದ್ದ, ನಾನು ಸಾಹೇಬರ ಕಡೆ ಮುಖ ತಿರುಗಿಸಿದ್ದೆ. ಅವನಿಗೆ ಕೇಳಿಸಲಿಲ್ಲ. ಕೇಳಿಸುವುದಿಲ್ಲವೆಂದು ಗೊತ್ತಿದ್ದೇ ಹೇಳಿದೆ.

"ತಡಾ ಆದ್ರ ಗೈರ ಅಂತನ ಬರಕೊ" ಎಂದು ಸಾಹೇಬರು ಒಳಗೆ ಹೋದರು. ಹುದ್ದೆ ಇನ್ನೊಬ್ಬರಿಗೆ ಹೋಯಿತು. ಅವರೂ ಕೆಲಸ ಬೇಕಾಗಿದ್ದವರೇ, ಅವರ ಮೇಲೆ ನನ್ನ ದೂರಿಲ್ಲ.

ನನಗೆ ಆ ತಿಂಗಳೆಲ್ಲ ಸರಿಯಾಗಿ ಊಟ ಸೇರಲಿಲ್ಲ. ನಮ್ಮ ಪ್ಯಾಕಿಂಗ್ ವಿಭಾಗಕ್ಕೆ ಆಳು ಕಳಿಸುವ ಗುತ್ತಿಗೆದಾರರಿಗೆ ಹೇಳಿ, ಗಿಡಿಯನ್‌ನನ್ನು ದಿನಗೂಲಿಗೆ ಸೇರಿಸಿದೆ. ಉಪಕಾರವೆಂದು ತಿಳಿದು ಅವನು ನನಗೆ ಕೈಮುಗಿದ. ಅದಕ್ಕಿಂತ ದೊಡ್ಡ ಶಿಕ್ಷೆ ನನಗೆ ಯಾರೂ ಕೊಟ್ಟಿಲ್ಲ.

ನಾನು ಇರುವುದು ಹುಬ್ಬಳ್ಳಿಯ ಅಂಚಿನ ಗಬ್ಬೂರಿನಲ್ಲಿ. ಕಾರ್ಖಾನೆಯ ಬಸ್ಸು ಬೈಪಾಸಿನ ಹತ್ತಿರ ನನ್ನನ್ನು ಹತ್ತಿಸಿಕೊಂಡು, ಊರೊಳಗೆ ಅವನನ್ನು ಹತ್ತಿಸಿಕೊಂಡು, ಧಾರವಾಡ ದಾಟಿ ಬೇಲೂರಿಗೆ ಹೋಗುತ್ತದೆ. ಹೋಗುತ್ತ ಒಂದು ತಾಸು, ಬರುತ್ತ ಒಂದು ತಾಸು. ಅವನು ಮೊದಲ ದಿನವೇ ನನ್ನ ಪಕ್ಕದಲ್ಲಿ ಕೂತ. ಎದ್ದು ಬೇರೆ ಕಡೆ ಹೋಗುವ ಧೈರ್ಯ ನನಗೂ ಬರಲಿಲ್ಲ. ಹೀಗೆ ಶುರುವಾದದ್ದು ಹದಿಮೂರು ವರ್ಷ ನಡೆಯಿತು.

ಆ ಬಸ್ಸಿನಲ್ಲಿ ಅವನ ಬದುಕನ್ನು ಪುಟಪುಟವಾಗಿ ಓದಿದೆ. ಪುಟವೆಂದರೆ ಪುಟವೇ. ಅವನು ಬರೆದು ಕೊಡುತ್ತಿದ್ದ, ನಾನು ಓದುತ್ತಿದ್ದೆ. ನಾಲ್ಕನೇ ವರ್ಷಕ್ಕೆ ಮೆದುಳು ಜ್ವರ ಬಂದು ಕಿವಿ ಹೋದವು. ತಂದೆ ಬೇಗ ತೀರಿಕೊಂಡರು. ತಾಯಿ ದೀನಾ ಮಿಷನ್ ಹಾಸ್ಟೆಲ್ಲಿನಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದ ಟೀಚರು. ಮಗನಿಗೆ ಕನ್ನಡ ಕಲಿಸಿದ್ದೂ ಅವರೇ. ಮನೆಯ ಪ್ರತಿ ಸಾಮಾನಿಗೂ ಹೆಸರು ಬರೆದು ಅಂಟಿಸಿದ್ದರಂತೆ, ಉಪ್ಪಿನ ಡಬ್ಬಿಯಿಂದ ಹಿಡಿದು ಬಾಗಿಲ ಚಿಲಕದವರೆಗೆ. ಕಿವುಡ ಮಕ್ಕಳ ಶಾಲೆಯಲ್ಲಿ ಕೈಮಾತು ಕಲಿತ. ಐಟಿಐ ಫಿಟ್ಟರ್ ಪಾಸಾದ, ಅದೂ ಮೊದಲ ದರ್ಜೆಯಲ್ಲಿ.

ಇಡೀ ಬಸ್ಸು ನಮ್ಮ ಧಾರವಾಡದ ಮಾತಾಡುತ್ತಿದ್ದರೆ, ಇವನೊಬ್ಬ ಅಚ್ಚ ಪುಸ್ತಕದ ಕನ್ನಡ ಬರೆಯುತ್ತಿದ್ದ. ಆಡುವ ಮಾತು ಅವನ ಕಿವಿಗೆ ಬಿದ್ದೇ ಇರಲಿಲ್ಲ, ಕಲಿತದ್ದೆಲ್ಲ ಅಚ್ಚಿನಿಂದ. ತಗಡು ಒತ್ತುವ ಪ್ರೆಸ್ ಶಾಪಿನ ರಾಜಶೇಖರ ಹಿಂದಿನ ಸೀಟಿನಿಂದ ಬಗ್ಗಿ ಓದಿ, "ಏನಲೇ ಗಿಡ್ಯಾ, ರೇಡಿಯೋದಾಗ ವಾರ್ತಾ ಓದಿದಂಗ ಬರೀತಿಯಲ್ಲೊ!" ಎಂದು ಚೇಷ್ಟೆ ಮಾಡುತ್ತಿದ್ದ. ರಾಜಶೇಖರನಿಗೆ ದಟ್ಟ ಮೀಸೆ. ಅವನೇನಂದ ಎಂದು ಗಿಡಿಯನ್ ನನ್ನನ್ನು ಕೇಳುತ್ತಿದ್ದ. ಆಮೇಲೆ ಬರೆದು ಹಿಂದಕ್ಕೆ ದಾಟಿಸುತ್ತಿದ್ದ: "ಮೀಸೆಯುಳ್ಳವರ ಕನ್ನಡ ನನಗೆ ಬರುವುದಿಲ್ಲ. ದಯವಿಟ್ಟು ಬೋಳಿಸಿ ಮಾತನಾಡಿರಿ."

ಐಟಿಐ ಮುಗಿಸಿದ ಮೇಲೆ ಅವನು ಐದು ಕಡೆ ಕೆಲಸ ಮಾಡಿದ್ದ. ಬಟ್ಟೆ ಅಂಗಡಿಯಲ್ಲಿ ಮಾಲು ಮಡಚುತ್ತಿದ್ದಾಗ ಗಿರಾಕಿಯೊಬ್ಬರು ಹಿಂದಿನಿಂದ ಕರೆದರು. ತಿರುಗಲಿಲ್ಲ. ಸೊಕ್ಕಿನವನೆಂದು ದೂರು ಹೋಯಿತು. ಒಂದು ವರ್ಕ್‌ಶಾಪಿನಲ್ಲಿ ಮೂರು ತಿಂಗಳು ಚೆನ್ನಾಗಿ ನಡೆಯಿತು. ಮಾಲಕರ ಮಗ ಬಂದವನು, ಕರೆದರೆ ಓಡಿಬರುವ ಆಳು ಬೇಕೆಂದ. ಇನ್ನೆರಡು ಕಡೆ ಕಾರಣವನ್ನೂ ಹೇಳಲಿಲ್ಲ. ಐದನೆಯದು ಮುದ್ರಣಾಲಯ. ಅದು ಮುಚ್ಚಿಹೋಯಿತು. ಅದನ್ನು ನೆನೆದು ಅವನಿಗೆ ಹೆಮ್ಮೆ: "ಅಲ್ಲಿ ನನ್ನೊಬ್ಬನನ್ನೇ ತೆಗೆಯಲಿಲ್ಲ. ಎಲ್ಲರನ್ನೂ ತೆಗೆದರು."

ಸಿಬ್ಬಂದಿ ವಿಭಾಗದಲ್ಲಿ ಹದಿನಾಲ್ಕು ವರ್ಷ ಕೂತಿದ್ದವನು ನಾನು. ನೂರಾರು ಅರ್ಜಿಗಳಲ್ಲಿ 'ಸೂಕ್ತವಲ್ಲ' ಎಂಬ ಮೊಹರು ನೋಡಿದ್ದೆ, ಕೆಲವಕ್ಕೆ ಹೊಡೆದೂ ಇದ್ದೆ. ಆ ಮೊಹರಿನ ಆಚೆ ಒಬ್ಬ ಮನುಷ್ಯ ಸಂಜೆ ಮನೆಗೆ ಹೋಗಿ ತಾಯಿಗೆ ಏನು ಹೇಳುತ್ತಾನೆಂಬುದು ತಿಳಿದದ್ದು ಈ ಬಸ್ಸಿನಲ್ಲಿ.

ನನಗೂ ಕೈಮಾತು ಕಲಿಸಿದ. ಕಿವುಡರು ತಮ್ಮ ಬಳಗದವರಿಗೆ ಒಂದೊಂದು ಸನ್ನೆಯ ಹೆಸರು ಇಡುತ್ತಾರೆ. ನನಗಿಟ್ಟದ್ದು, ತೋರುಬೆರಳಿನಿಂದ ಗಾಳಿಯಲ್ಲಿ ಅಡ್ಡಕ್ಕೆ ಎಳೆಯುವ ಒಂದು ಗೆರೆ. ಬರೆಯುವವನು, ಗುಮಾಸ್ತ ಎಂದಿರಬೇಕೆಂದು ಒಂದು ವರ್ಷ ಹಿಗ್ಗಿದ್ದೆ. ಹುಬ್ಬಳ್ಳಿಯಲ್ಲಿ ಕಿವುಡರ ಸಂಘದ ಸಭೆಗೆ ಹೋದಾಗ ಮೂವತ್ತು ಜನ ನನ್ನನ್ನು ನೋಡಿ ಗೆರೆ ಎಳೆದು ನಕ್ಕರು. ಆಗ ಅರ್ಥವಾಯಿತು. ಅದು ಅವನ ಹೆಸರಿನ ಮೇಲೆ ನಾನೆಳೆದ ಕೆಂಪು ಗೆರೆ. ನನ್ನ ಹೆಸರೇ ಅದಾಗಿತ್ತು.

ಆದರೆ ಅವನಿಗೆ ಗೊತ್ತಿದ್ದದ್ದು ಗೆರೆಯ ಸಂಗತಿ ಮಾತ್ರ. 'ತಡಾ ಮಾಡಿ ಬಂದಾನ್ರಿ' ಎಂದದ್ದು ಗೊತ್ತಿರಲಿಲ್ಲ.

೨೦೧೩ರ ಫೆಬ್ರವರಿಯಲ್ಲಿ ಮತ್ತೆ ತರಬೇತಿ ಹುದ್ದೆಗಳು ಬಂದವು. ಅಂಗವಿಕಲರಿಗೆ ಒಂದು. ವಯಸ್ಸಿನ ಮಿತಿ ಮೂವತ್ತು. ಗಿಡಿಯನ್‌ಗೆ ಆಗ ಇಪ್ಪತ್ತೊಂಬತ್ತು ವರ್ಷ ಹತ್ತು ತಿಂಗಳು. ಇದು ತಪ್ಪಿದರೆ ನಮ್ಮಲ್ಲಿ ಅವನಿಗೆ ಜನ್ಮಕ್ಕೂ ಕಾಯಂ ಹುದ್ದೆಯಿಲ್ಲ. ಪ್ಯಾಕಿಂಗ್ ಗುತ್ತಿಗೆಯೂ ಆ ಮಾರ್ಚಿಗೆ ಮುಗಿಯುವುದಿತ್ತು. ಅವನು ಅರ್ಜಿ ಹಾಕಿದ. ಸಂದರ್ಶನಕ್ಕೆಂದು ದೀನಾ ಟೀಚರು, ಪೊರೆ ಬಂದ ಕಣ್ಣಿನಲ್ಲೇ, ಹೊಸ ಅಂಗಿ ಹೊಲಿದುಕೊಟ್ಟರು. ಏಂಜೆಲಿನಾ ಜೊತೆ ಆಗಷ್ಟೇ ಮಾತು ಗಟ್ಟಿಯಾಗಿತ್ತು, ಮೇ ತಿಂಗಳಲ್ಲಿ ಮದುವೆ.

ಅರ್ಜಿ ನನ್ನ ಮೇಜಿಗೇ ಬಂತು. ಜೊತೆಗೆ ಹಳೆಯ ಫೈಲು. ನಮ್ಮ ನಿಯಮದ ಪುಸ್ತಕದಲ್ಲಿ ಒಂದು ಸಾಲಿದೆ: ಸಂದರ್ಶನಕ್ಕೆ ಕರೆದಾಗ ಗೈರಾದವರ ಅರ್ಜಿಯನ್ನು ಮುಂದಿನ ಮೂರು ವರ್ಷ ಪರಿಗಣಿಸತಕ್ಕದ್ದಲ್ಲ. ಅವನ ಹಾದಿಯಲ್ಲಿ ಈಗ ಇದ್ದ ಅಡ್ಡಿ ಕಿವಿಯದಲ್ಲ. ನಾನು ಬರೆದ ಒಂದು ಶಬ್ದ. ಅದನ್ನು ತೆಗೆಯಬೇಕೆಂದರೆ, ಅಭ್ಯರ್ಥಿ ಹಾಜರಿದ್ದನು, ಸುಳ್ಳು ಹೇಳಿದವನು ನಾನು ಎಂದು ನಾನೇ ಟಿಪ್ಪಣಿ ಬರೆದು ಸಹಿ ಹಾಕಬೇಕು. ಹಿರಿಯ ಗುಮಾಸ್ತನಾಗಿ ಬಡ್ತಿಗೆ ನನ್ನ ಹೆಸರು ಅದೇ ತಿಂಗಳು ಹೋಗಿತ್ತು.

ನಾಲ್ಕು ದಿನ ಆ ಫೈಲನ್ನು ಡ್ರಾಯರಿನಲ್ಲಿ ಇಟ್ಟುಕೊಂಡು ಕೂತೆ. ಐದನೇ ದಿನ ಸಂಜೆ, ಬಸ್ಸಿನಲ್ಲಿ, ಅವನ ಪುಸ್ತಕ ಇಸಿದುಕೊಂಡು ಎಲ್ಲ ಬರೆದೆ. ತಡವಾಗಿ ಬಂದನೆಂದು ಅವನ ಮುಂದೆಯೇ ಹೇಳಿದ್ದು, ಕೇಳಿಸುವುದಿಲ್ಲವೆಂದು ಗೊತ್ತಿದ್ದೇ ಹೇಳಿದ್ದು, ಎಲ್ಲ. ಬಸ್ಸಿನ ಕುಲುಕಿಗೆ ಅಕ್ಷರ ಕೆಟ್ಟಿದ್ದವು. ಅವನು ಎರಡು ಸಲ ಓದಿದ. ಪುಸ್ತಕ ಮುಚ್ಚಿ ಕಿಟಕಿಯ ಕಡೆ ತಿರುಗಿದ. ಧಾರವಾಡ ಬಂತು, ಹೋಯಿತು. ನವನಗರ ಬಂದಾಗ ತಿರುಗಿ, ಬರೆದ:

"ಇಷ್ಟು ದಿನ ಇದಕ್ಕಾಗಿಯೇ ತಾವು ನನಗೆ ಕಿಟಕಿಯ ಸೀಟು ಬಿಟ್ಟುಕೊಡುತ್ತಿದ್ದಿರಾ?"

ಅದರ ಕೆಳಗೆ ಇನ್ನೊಂದು ಸಾಲು ಬರೆದ:

"ನಾಳೆ ತಾವು ಬರೆಯುವಿರಾ, ಇಲ್ಲವೇ ನಾನು ಬರೆಯಲೇ? ನನ್ನ ಅಕ್ಷರ ಚೆನ್ನಾಗಿದೆ."

ನಾನೇ ಬರೆಯುವೆನೆಂದು ಸನ್ನೆ ಮಾಡಿದೆ. ಅವನು ಹೂಂ ಎಂದು ತಲೆಯಾಡಿಸಿದ. ಇಳಿಯುವಾಗ ಎಂದಿನಂತೆ ಭುಜ ತಟ್ಟಲಿಲ್ಲ. ಮೂರು ದಿನ ನನ್ನ ಪಕ್ಕದಲ್ಲಿ ಕೂರಲಿಲ್ಲ, ರಾಜಶೇಖರನ ಪಕ್ಕ ಹೋಗಿ ಕೂತ. ನಾಲ್ಕನೇ ದಿನ ಬಂದು, ಕಿಟಕಿಯ ಸೀಟಿಗೆ ನನ್ನನ್ನು ದೂಡಿ, ಹೊರಗಿನ ಸೀಟಿನಲ್ಲಿ ತಾನು ಕೂತ. ಕ್ಷಮಿಸಿದ್ದೇನೆ ಎಂದು ಅವನು ಎಂದೂ ಬರೆದು ಕೊಡಲಿಲ್ಲ.

ಬಸ್ಸಿನಲ್ಲಿ ಒಪ್ಪಿಕೊಂಡ ಮರುದಿನವೇ ಟಿಪ್ಪಣಿ ಬರೆದು ಯಜ್ಞೇಶ್ವರ ಸಾಹೇಬರ ಮೇಜಿನ ಮೇಲೆ ಇಟ್ಟಿದ್ದೆ. ಓದಿ ಕನ್ನಡಕ ತೆಗೆದರು.

"ಎರಡು ವರ್ಷ ಆದ ಮ್ಯಾಲ ನೆಪ್ಪಾತೇನು ನಿನಗ?"

"ನೆಪ್ಪಿತ್ರಿ ಸರ್. ಹೇಳಾಕ ಧೈರ್ಯ ಇರಲಿಲ್ಲ."

"ಇದು ಫೈಲಿಗೆ ಹೋದ್ರ ನಿನ್ನ ಪ್ರಮೋಷನ್ ಹೋತು. ತಿಳದೈತೇನು?"

"ತಿಳದೈತ್ರಿ."

"ಹುಚ್ಚ ಅದೀ ನೀ" ಎಂದರು. ಟಿಪ್ಪಣಿಯ ಕೆಳಗೆ 'ಅಭ್ಯರ್ಥಿಯನ್ನು ಕರೆಯಿರಿ' ಎಂದು ಬರೆದು ಸಹಿ ಹಾಕಿದರು. ಅದರ ಕೆಳಗೆ, ನನಗೊಂದು ಮೆಮೊ ಕೊಡುವಂತೆಯೂ ಬರೆದರು. ಎರಡೂ ನ್ಯಾಯವೇ.

ಸಂದರ್ಶನದ ದಿನ ಹೆಸರು ಕೂಗುವ ಕೆಲಸವನ್ನು ಸಾಹೇಬರು ನನ್ನಿಂದ ಕಿತ್ತುಕೊಂಡರು. ಒಳಗೆ ಪ್ರಶ್ನೆ ಬರೆದು ಕೊಡಲು ಮಾತ್ರ ಕೂರಿಸಿದರು. ಗಿಡಿಯನ್ ಅಳತೆಯ ಪ್ರಶ್ನೆಗಳಿಗೆಲ್ಲ ಉತ್ತರ ಬರೆದ, ನಕಾಶೆ ಓದಿದ. ಯಜ್ಞೇಶ್ವರ ಸಾಹೇಬರ ಮುಖ ಮಾತ್ರ ಗಂಟಿಕ್ಕಿಕೊಂಡೇ ಇತ್ತು. ಅವರು ಕೆಟ್ಟವರಲ್ಲ. ಹಿಂದೊಮ್ಮೆ ಪ್ರೆಸ್ಸಿನಲ್ಲಿ ಒಬ್ಬರ ಬೆರಳು ಹೋದಾಗ, ರಕ್ತ ಸೋರುವ ಆ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡು ಆಸ್ಪತ್ರೆಯವರೆಗೆ ಹೋದವರು. ಕೊನೆಗೆ ನನ್ನಿಂದ ಬರೆಸಿದರು: ಪ್ರೆಸ್ ಶಾಪಿನಲ್ಲಿ ಅಪಾಯದ ಸೈರನ್ ಕೂಗಿದರೆ ನಿಮಗೆ ಹೇಗೆ ಗೊತ್ತಾಗುತ್ತದೆ?

ಬೇರೆ ಕಾರ್ಖಾನೆಗಳ ಸಂದರ್ಶನಗಳಲ್ಲೆಲ್ಲ ಅವನು ಸೋತದ್ದು ಈ ಪ್ರಶ್ನೆಯ ಹತ್ತಿರ. ಅವನು ಪೆನ್ನು ಹಿಡಿದು ತುಸು ಯೋಚಿಸಿದ.

"ಸರ್, ತಾವು ಈಗ ನನ್ನ ಜೊತೆ ಪ್ರೆಸ್ ಶಾಪಿಗೆ ಬರುವಿರಾ?"

ಸಾಹೇಬರು ನನ್ನ ಮುಖ ನೋಡಿದರು, ಎದ್ದರು. ನಾನೂ ಹೋದೆ. ಪ್ರೆಸ್ ಶಾಪಿನ ಬಾಗಿಲಲ್ಲಿ ಒಂದು ಡಬ್ಬಿ ಇರುತ್ತದೆ, ಕಿವಿಗೆ ತುರುಕಿಕೊಳ್ಳುವ ಹಳದಿ ಬಿರಡೆಗಳು. ಅವಿಲ್ಲದೆ ಒಳಗೆ ಬರಬಾರದೆಂದು ಮೇಲೆ ದೊಡ್ಡ ಫಲಕ. ಸಾಹೇಬರು ಹಾಕಿಕೊಂಡರು. ನಾನು ಹಾಕಿಕೊಂಡೆ. ಗಿಡಿಯನ್ ಕೂಡ ಎರಡು ಬಿರಡೆ ತೆಗೆದುಕೊಂಡು, ಬಹಳ ಶ್ರದ್ಧೆಯಿಂದ, ತನ್ನ ಕಿವಿಗೆ ಹಾಕಿಕೊಂಡ.

ಒಳಗೆ ದೊಡ್ಡ ಪ್ರೆಸ್ಸಿನ ಮೇಲೆ ರಾಜಶೇಖರನಿದ್ದ. ನೆಲ ಅದುರುವ ಸದ್ದು. ಅವನು ಎದುರಿನ ಜೊತೆಗಾರನಿಗೆ ಎರಡು ಬೆರಳು ತೋರಿಸಿದ, ಜೊತೆಗಾರ ತಗಡಿನ ಹಾಳೆ ಸರಿಸಿದ. ಜೊತೆಗಾರ ಅಂಗೈ ತೋರಿಸಿದ, ರಾಜಶೇಖರ ಪ್ರೆಸ್ಸು ತಡೆದ. ಎಷ್ಟೋ ವರ್ಷಗಳಿಂದ ಅಲ್ಲಿ ಕೆಲಸ ನಡೆಯುವುದೇ ಹೀಗೆ. ಬಾಯಿಂದ ಆಡಿದ ಮಾತು ಅಲ್ಲಿ ಯಾರಿಗೂ ಮುಟ್ಟುವುದಿಲ್ಲ. ಗಿಡಿಯನ್ ಹಳದಿ ಗೆರೆಯ ಈಚೆ ನಿಂತು, ಮುಷ್ಟಿ ಕಟ್ಟಿ ಕೈ ಮೇಲೆತ್ತಿದ. ರಾಜಶೇಖರ ಕಂಡವನೇ ಗುಂಡಿ ಒತ್ತಿದ. ಪ್ರೆಸ್ಸು ನಿಂತಿತು.

ಸಾಹೇಬರು ಏನೋ ಕೂಗಿದರು. ಉಳಿದ ಪ್ರೆಸ್ಸುಗಳ ಸದ್ದಿನಲ್ಲಿ ನನಗೆ ಅವರ ಬಾಯಿ ಆಡಿದ್ದು ಮಾತ್ರ ಕಂಡಿತು. ಗಿಡಿಯನ್ ಗೋಡೆಯ ಮೇಲಿನ ಸೈರನ್ ತೋರಿಸಿದ. ಆಮೇಲೆ ಸಾಹೇಬರ ಕಿವಿಯ ಬಿರಡೆ ತೋರಿಸಿದ. ಆಮೇಲೆ ತಲೆಯ ಮೇಲೆ, ಕ್ರೇನಿಗೆ ಹಾಕಿದ ತಿರುಗುವ ಕೆಂಪು ದೀಪ ತೋರಿಸಿದ. ಪುಸ್ತಕ ತೆಗೆದು ಬರೆದು ಅವರ ಕೈಗೆ ಕೊಟ್ಟ:

"ಇಲ್ಲಿ ಎಲ್ಲರೂ ನನ್ನ ಹಾಗೆಯೇ ಇದ್ದಾರೆ."

ಹೊರಗೆ ಬಂದು ಸಾಹೇಬರು ಬಿರಡೆ ತೆಗೆದರು. ಹಿಂದೆಯೇ ರಾಜಶೇಖರ ಓಡಿಬಂದ. "ಯಾಕ್ರೀ ಸಾಹೇಬ್ರ, ಮಷೀನ್ ಯಾಕ ನಿಲ್ಲಿಸಿದ್ರಿ?"

"ನಾ ಎಲ್ಲಿ ನಿಲ್ಲಿಸಿದ್ನೊ ಮಾರಾಯಾ. ಇಂವ ನಿಲ್ಲಿಸಿದ. ಪ್ಯಾಕಿಂಗ್‌ನಾಂವ ಕೈ ಎತ್ತಿದ್ರ ನೀ ಪ್ರೆಸ್ ನಿಲ್ಲಸ್ತೀ?"

"ಯಾರ ಎತ್ತಿದ್ರೂ ನಿಲ್ಲಸಬೇಕ್ರಿ. ಅದರಾಗ ಗಿಡ್ಯಾ ಎತ್ತಿದ್ರ ಕೇಳೂದ ಬ್ಯಾಡ್ರಿ. ಕ್ಯಾಂಟೀನ್‌ದಾಗ ಕುಂತ ನಮಗ ಅರ್ಧಾ ಸನ್ನಿ ಕಲಿಸಿದಾಂವ ಇಂವನ. ಮೊದಲ ನಮ್ಮವು ನಾಕೈದ ಇದ್ವು, ಈಗ ಬೈಗಳಾನೂ ಬರ್ತಾವ್ರಿ" ಎಂದು ರಾಜಶೇಖರ ಒಂದನ್ನು ಮಾಡಿ ತೋರಿಸಿದ. ಗಿಡಿಯನ್ ಕಣ್ಣು ಮುಚ್ಚಿಕೊಂಡ.

ಸಾಹೇಬರು ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ.

ಅಲ್ಲಿಗೆ ಎಲ್ಲ ಸರಿಹೋಗಲಿಲ್ಲ. ತರಬೇತಿಗೆ ತೆಗೆದುಕೊಂಡರು. ಆದರೆ ಉಳಿದವರಿಗೆ ಆರು ತಿಂಗಳ ಪರೀಕ್ಷಾ ಅವಧಿ, ಇವನಿಗೆ ಒಂದು ವರ್ಷ. ಆ ಪತ್ರ ಓದಿ ಅವನು ಬಸ್ಸಿನಲ್ಲಿ ಬರೆದ: "ನಾನು ಅವರಿಗಿಂತ ಒಳ್ಳೆಯ ಕೆಲಸಗಾರನೇ ಆಗಿರಬೇಕೇ? ಅವರಷ್ಟೇ ಇದ್ದರೆ ಸಾಲದೇ?" ಅವನ ಸಂಘದ ಗೆಳೆಯರಲ್ಲಿ ಅವನಷ್ಟೇ ಓದಿದವರು ಇವತ್ತಿಗೂ ಗೋದಾಮುಗಳಲ್ಲಿ ದಿನಗೂಲಿಗೆ ಇದ್ದಾರೆ. ಅವರಿಗೆ ಪ್ರೆಸ್ ಶಾಪಿನವರೆಗೆ ಸಾಹೇಬರನ್ನು ಕರೆದೊಯ್ಯುವ ಅವಕಾಶ ಸಿಕ್ಕಿಲ್ಲ. ಆ ವರ್ಷವೆಲ್ಲ ಗಿಡಿಯನ್ ಒಂದು ದಿನವೂ ರಜೆ ಹಾಕಲಿಲ್ಲ, ಮದುವೆಯ ಎರಡು ದಿನ ಬಿಟ್ಟರೆ. ಜ್ವರವಿದ್ದ ದಿನವೂ ಬಂದ. ಹೆದರಿಕೆಯಿಂದ ಬಂದನೆಂದು ನನಗೆ ಗೊತ್ತು. ಅದನ್ನು ಶ್ರದ್ಧೆಯೆಂದು ಹೊಗಳಲು ನನಗೆ ಇಂದಿಗೂ ಮನಸ್ಸಾಗುವುದಿಲ್ಲ. ಎಲ್ಲ ಶಾಪುಗಳಲ್ಲೂ ಸೈರನ್ನಿನ ಜೊತೆ ಕೆಂಪು ದೀಪ ಬಂದದ್ದೂ ಆ ವರ್ಷವೇ. ಯಾರಿಗಾಗಿ ಎಂದು ಆದೇಶದಲ್ಲಿ ಬರೆದಿರಲಿಲ್ಲ. ಎಲ್ಲರಿಗೂ ಉಪಯೋಗವಾಯಿತು.

೨೦೧೪ರ ಮಾರ್ಚಿನ ಒಂದು ಮಧ್ಯಾಹ್ನ ಕಾಯಂ ಪತ್ರ ಸಹಿಯಾಗಿ ನನ್ನ ಮೇಜಿಗೆ ಬಂತು. ಊಟದ ಬಿಡುವಿನಲ್ಲಿ ಅವನನ್ನು ಕರೆಸಿ ಕೈಗೆ ಕೊಟ್ಟೆ. ನಿಂತೇ ಓದಿದ. ಕೂತು ಮತ್ತೆ ಓದಿದ. ಮಡಚಿ ಜೇಬಿಗೆ ಇಟ್ಟ, ಮತ್ತೆ ತೆಗೆದು ಓದಿದ. ಆಮೇಲೆ ನನ್ನ ಮೊಬೈಲ್ ತೋರಿಸಿ, ತಾಯಿ ಎಂದು ಸನ್ನೆ ಮಾಡಿದ.

ದೀನಾ ಟೀಚರಿಗೆ ಕಣ್ಣಿನ ಪೊರೆ ಬಲಿತಿತ್ತು. ಮೊಬೈಲಿನಲ್ಲಿ ಬಂದ ಅಕ್ಷರ ಕಾಣುತ್ತಿರಲಿಲ್ಲ. ಸಂಜೆಯವರೆಗೆ ಕಾಯಲು ಅವನಿಂದಾಗದು. ನಾನು ಫೋನ್ ಹಚ್ಚಿದೆ.

"ಟೀಚರ್, ನಾನ್ರಿ, ಅಂಬರೀಷ. ಗಿಡಿಯನ್‌ಗ ಪರ್ಮನೆಂಟ್ ಆತ್ರಿ. ಆರ್ಡರ್ ಅವನ ಕೈಯಾಗೈತಿ."

ಅವರು ಕೇಳಿದರು: "ಅಂವ ಅಲ್ಲೇ ಅದಾನೇನಪಾ?"

"ನನ್ನ ಮುಂದ ಅದಾನ್ರಿ."

"ಫೋನ್ ಅಂವಗ ಕೊಡು."

ತಪ್ಪಿ ಅಂದಿರಬೇಕೆಂದು ಕ್ಷಣ ತಡೆದೆ. "ಟೀಚರ್, ಏನರ ಹೇಳೂದಿದ್ರ ನಾ ಹೇಳ್ತೇನ್ರಿ..."

"ನೀ ಹೇಳೂದಲ್ಲಪಾ. ಅಂವಗ ಕೊಡು."

ಕೊಟ್ಟೆ. ಅವನು ಫೋನನ್ನು ಒಮ್ಮೆ ನೋಡಿ ಕಿವಿಗೆ ಹಿಡಿದ. ಮೂವತ್ತು ವರ್ಷದ ಆ ಮನುಷ್ಯ ಅದಕ್ಕೂ ಮುಂಚೆ ಫೋನನ್ನು ಕಿವಿಗೆ ಹಿಡಿದೇ ಇರಲಿಲ್ಲ. ತಲೆಕೆಳಗಾಗಿ ಹಿಡಿದಿದ್ದ. ಸರಿಪಡಿಸಲು ಕೈ ಚಾಚಿದವನು ಹಿಂತೆಗೆದುಕೊಂಡೆ. ದೀನಾ ಟೀಚರು ಮಾತಾಡುತ್ತಿದ್ದರು. ಸಣ್ಣಗೆ ಅವರ ದನಿ ಹೊರಗೂ ಬರುತ್ತಿತ್ತು. ನಾನು ಕೇಳಿಸಿಕೊಳ್ಳಬಾರದೆಂದು ತುಸು ದೂರ ಸರಿದೆ. ಅವನು ತಲೆ ಬಗ್ಗಿಸಿ, ಕಣ್ಣು ಮುಚ್ಚಿ, ನಡುನಡುವೆ ಹೂಂ ಎನ್ನುವಂತೆ ತಲೆಯಾಡಿಸುತ್ತ ನಿಂತಿದ್ದ. ಆಕೆ ಮಾತು ಮುಗಿಸಿದ್ದು ಅವನಿಗೆ ಹೇಗೆ ತಿಳಿಯಬೇಕು? ಫೋನಿನ ದೀಪ ಆರಿದ ಮೇಲೂ ಇನ್ನಷ್ಟು ಹೊತ್ತು ಹಾಗೆಯೇ ಹಿಡಿದುಕೊಂಡಿದ್ದ.

ಏನಂದರೆಂದು ನಾನು ಕೇಳಲಿಲ್ಲ, ಅವನೂ ನನ್ನನ್ನು ಕೇಳಲಿಲ್ಲ. ಫೋನನ್ನು ಅಂಗಿಯ ತುದಿಯಿಂದ ಒರೆಸಿ ನನಗೆ ಕೊಟ್ಟು, ನನ್ನ ಭುಜದ ಮೇಲೆ ಕೈಯಿಟ್ಟ. ಕಿಟಕಿಯ ಆಚೆ ಊಟ ಮುಗಿಸಿದವರು ಶಾಪುಗಳ ಕಡೆ ನಡೆಯುತ್ತಿದ್ದರು. ನಾವಿಬ್ಬರೂ ಹಾಗೆಯೇ ನಿಂತು ಅವರನ್ನು ನೋಡಿದೆವು. ಆ ಮಧ್ಯಾಹ್ನ ಅವನ ಪಕ್ಕದಲ್ಲಿ ನಿಲ್ಲುವ ಹಕ್ಕು ನನಗಿರಲಿಲ್ಲ. ಅವನು ನಿಲ್ಲಿಸಿಕೊಂಡ. ಆಮೇಲೆ ಹತ್ತು ವರ್ಷ ನಿಲ್ಲಿಸಿಕೊಂಡ.